ಜಗಳಗಿತ್ತಿಯ ಪಾಳಿ

ನಮ್ಮ ಬಳಗಕ್ಕೆ ಅಧ್ಯಕ್ಷೆ ಇದ್ದಾರೆ, ಕಾರ್ಯದರ್ಶಿ ಇದ್ದಾರೆ, ಒಂದು ರಬ್ಬರ್ ಸ್ಟ್ಯಾಂಪೂ ಇದೆ. ಆದರೆ ನಾವು ಹೆದರುವುದು ಇವಕ್ಕೆಲ್ಲ ಅಲ್ಲ. ನಿಯಮಾವಳಿಯಲ್ಲಿ ಎಲ್ಲೂ ಬರೆಯದ ಇನ್ನೊಂದು ಹುದ್ದೆ ಇದೆ. ಅದರ ಹೆಸರು ಜಗಳಗಿತ್ತಿ. ವಿಜಯಪುರದ ಸುತ್ತಮುತ್ತ ಇತಿಹಾಸ ಕಲಿಸುವ, ಬರೆಯುವ, ಹುಡುಕಿಕೊಂಡು ಅಲೆಯುವ ಹೆಂಗಸರು ಸೇರಿ ಕಟ್ಟಿಕೊಂಡ ಬಳಗ ನಮ್ಮದು. ನಮ್ಮಲ್ಲಿ ಯಾರಾದರೂ ಒಂದು ಪ್ರಬಂಧ ಬರೆದರೆ, ಅದು ಹೊರಗಿನವರ ಕಣ್ಣಿಗೆ ಬೀಳುವ ಮೊದಲು, ಇನ್ನೊಬ್ಬಳು ಒಂದು ತಿಂಗಳು ಅದರ ಜೊತೆ ಜಗಳ ಆಡಬೇಕು. ಪಾಳಿ ಹಚ್ಚಿ ಎಲ್ಲರಿಗೂ ಈ ಕೆಲಸ ಬರುತ್ತದೆ.

ಓದಿ, ಅಂಚಿನಲ್ಲಿ ಎರಡು ಗೀಟು ಎಳೆದು, "ಭಾಳ ಚಲೋ ಅದ" ಎಂದು ತಿರುಗಿ ಕೊಟ್ಟರೆ ಅದು ಜಗಳವಲ್ಲ. ಬರೆದವಳ ಜೊತೆ ಆ ಊರಿಗೇ ಹೋಗಬೇಕು. ಕಲ್ಲಿದ್ದರೆ ಕಲ್ಲನ್ನು ಮುಟ್ಟಿ ನೋಡಬೇಕು, ಕಾಗದವಿದ್ದರೆ ಕಾಗದವನ್ನು ಕಣ್ಣಾರೆ ಓದಬೇಕು. ಬಂದ ಮೇಲೆ ಬಳಗದ ಕೋಣೆಯಲ್ಲಿ ಕದ ಮುಂದೆ ಮಾಡಿಕೊಂಡು, ಎಂದರೆ ಮುಚ್ಚಿಕೊಂಡು, ಎಲ್ಲರೆದುರು ಬಿಡಿಸಿ ಬಿಡಿಸಿ ಕೇಳಬೇಕು. ಅಲ್ಲಿ ಪ್ರಬಂಧ ಉಳಿದುಕೊಂಡರೆ ವಿಚಾರ ಸಂಕಿರಣದ ದಿನ ಜಗಳಗಿತ್ತಿ ಮೊದಲ ಸಾಲಿನಲ್ಲಿ ಕೂಡಬೇಕು. ಯಾರಾದರೂ ಮೇಲೆ ಬಿದ್ದು ಪ್ರಶ್ನೆ ಕೇಳಿ, ಓದುವವಳ ಬಾಯಿ ಕಟ್ಟಿತೆಂದರೆ, ಎದ್ದು ನಿಲ್ಲಬೇಕಾದವಳೂ ಅವಳೇ.

ಈ ಪದ್ಧತಿ ಹಚ್ಚಿದವರು ದೊಡ್ಡಕ್ಕ. ಬಳಗದಲ್ಲಿ ಎಲ್ಲರೂ ಎಲ್ಲರಿಗೂ ಅಕ್ಕ, ಅವರೊಬ್ಬರು ಮಾತ್ರ ದೊಡ್ಡಕ್ಕ. ಕಾಲೇಜಿನಿಂದ ನಿವೃತ್ತರಾಗಿ ಬಹಳ ದಿನವಾಯಿತು. ಫಾರಸಿ ಓದುತ್ತಾರೆ, ಮೋಡಿ ಲಿಪಿ ಓದುತ್ತಾರೆ, ಎದುರು ಕೂತವರ ಮುಖವನ್ನಂತೂ ಇನ್ನೂ ಚೆನ್ನಾಗಿ ಓದುತ್ತಾರೆ. ಅವರು ಸಣ್ಣ ವಯಸ್ಸಿನಲ್ಲಿ ಮೊದಲ ಸಲ ಪ್ರಬಂಧ ಓದಿದಾಗ ಸಭೆಯಲ್ಲಿ ಒಬ್ಬರು ನಗುತ್ತ ಕೇಳಿದರಂತೆ, "ಇದನ್ನ ನಿಮ್ಮ ಯಜಮಾನ್ರು ಬರದ ಕೊಟ್ಟಾರೇನ್ರಿ?" ಅವರ ಯಜಮಾನರು ಬೀಜ-ಗೊಬ್ಬರದ ವ್ಯಾಪಾರಿ. ಇತಿಹಾಸ ಎಂದರೆ ಅವರಿಗೆ ಹೋದ ವರ್ಷದ ಮಳೆ. ದೊಡ್ಡಕ್ಕ ಈ ಕಥೆ ಹೇಳುವಾಗ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಆದರೆ ಅವತ್ತು ಅವರ ಪರವಾಗಿ ಎದ್ದು ನಿಲ್ಲಲು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ, ಆಮೇಲೆ ಎಷ್ಟೋ ವರ್ಷ ಅವರು ಏನನ್ನೂ ಬರೆಯಲಿಲ್ಲ. ಬಳಗ ಹುಟ್ಟಿದ್ದು ಆ ಸಿಟ್ಟಿನಿಂದ ಎಂದು ನನ್ನ ತಿಳುವಳಿಕೆ.

ನಾನು ಬಬಲೇಶ್ವರದವಳು. ನಮ್ಮದು ಕುರಿ ಸಾಕುವವರ ಮನೆ, ಈಗ ಕುರಿಗಿಂತ ಹೊಲವೇ ಹೆಚ್ಚು. ಊರಿನ ಕಾಲೇಜಿನಲ್ಲಿಯೇ ಇತಿಹಾಸ ಕಲಿಸುತ್ತೇನೆ. ತಿಂಗಳ ಎರಡನೇ ಶನಿವಾರ ಪಾಠ ಮುಗಿಸಿ, ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಜೀಪು ಹಿಡಿದು ವಿಜಯಪುರಕ್ಕೆ ಹೋಗುತ್ತೇನೆ. ಒಂದು ವಾಚನಾಲಯದ ಹಿಂದೆ, ಹಳೆಯ ಪೇಪರಿನ ಕಟ್ಟುಗಳ ನಡುವೆ ನಮ್ಮ ಕೋಣೆ. ಹನ್ನೊಂದು ಕುರ್ಚಿಗಳಲ್ಲಿ ಒಂದಕ್ಕೆ ಕಾಲು ಮುರಿದಿದೆ, ತಡವಾಗಿ ಬಂದವಳಿಗೆ ಅದೇ ಗತಿ.

ಈ ಬಳಗ ನನಗೆ ಏನು ಮಾಡಿದೆ ಎಂದು ಹೊರಗಿನವರು ಕೇಳಿದರೆ ನಾನು ದೊಡ್ಡ ಮಾತು ಹೇಳುವುದಿಲ್ಲ. ನನ್ನ ಮಗಳು ಕೈಗೂಸಾಗಿದ್ದಾಗ ದಾಖಲೆ ಕಚೇರಿಯಲ್ಲಿ ನಾಲ್ಕು ದಿನ ಕೂತು ಓದುವ ಕೆಲಸ ಬಂತು. ಕೂಸನ್ನು ಒಳಗೆ ಬಿಡುವುದಿಲ್ಲ, ಬಿಟ್ಟು ಬರುವ ಹಾಗೂ ಇಲ್ಲ. ನಾಲ್ಕೂ ದಿನ ಬಳಗದ ನಾಲ್ವರು ಒಬ್ಬೊಬ್ಬರಾಗಿ ಕಚೇರಿಯ ಪಡಸಾಲೆಯಲ್ಲಿ ಅವಳನ್ನು ಎತ್ತಿಕೊಂಡು ತಿರುಗಿದರು. ಮೂರನೇ ದಿನ ಬಂದವರು ದೊಡ್ಡಕ್ಕ. ನಾನು ಓದುವುದು ಬಿಟ್ಟು ಮೇಲಿಂದ ಮೇಲೆ ಹೊರಗೆ ಬಂದು ನೋಡುತ್ತಿದ್ದರೆ, "ಕೂಸು ಎಲ್ಲೂ ಓಡಿ ಹೋಗೂದಿಲ್ಲ, ಕಚೇರಿ ಐದಕ್ಕ ಬಂದ್ ಆಗ್ತದ, ನಡಿ ಒಳಗ" ಎಂದು ಗದರಿಸಿದರು. ಒಬ್ಬಳೇ ಹಳ್ಳಿಗೆ ಹೋಗಬೇಕಾದವಳ ಜೊತೆ ಇನ್ನೊಬ್ಬಳು ಹೋಗುವುದು, ಮನೆಯವರು ಬೇಡ ಎಂದರೆ ಇಬ್ಬರು ಹೋಗಿ ಅತ್ತೆಯ ಮುಂದೆ ಕೂತು ಚಹಾ ಕುಡಿದು ಒಪ್ಪಿಸಿ ಬರುವುದು, ಇಂಥವೇ ನಮ್ಮ ಕೆಲಸ. ಇವರಿಲ್ಲದಿದ್ದರೆ ನಾನು ಪಠ್ಯಪುಸ್ತಕದ ಆಚೆ ಒಂದು ಹೆಜ್ಜೆ ಇಡುತ್ತಿರಲಿಲ್ಲ.

ಆದರೆ ನನ್ನ ಹೆಸರು ನಾಲ್ಕು ಜನರಿಗೆ ಗೊತ್ತಾದದ್ದು ಬಳಗಕ್ಕೆ ಸೇರುವ ಮೊದಲು ಬರೆದ ಒಂದು ಲೇಖನದಿಂದ. ಅದಕ್ಕೆ ಜಗಳಗಿತ್ತಿ ಇರಲಿಲ್ಲ.

ಕಳ್ಳಕವಟಗಿಯ ಹೊರಗೆ, ಹೊಲದ ನಡುವೆ, ಒಂದು ಹಳೆಯ ಮೆಟ್ಟಿಲ ಬಾವಿ ಇದೆ. ಬಾವಿಯ ಬಾಯಿಗೆ ಒಂದು ಮುರಿದ ಕಲ್ಲು ನಿಂತಿದೆ. ಕಲ್ಲಿನ ಮೇಲೆ ಒಬ್ಬ ಹೆಂಗಸು. ಕುತ್ತಿಗೆಯಿಂದ ಮೇಲೆ ಮುರಿದು ಹೋಗಿದೆ. ಎಡಗೈ ಸೊಂಟದ ಮೇಲೆ, ಬಲಗೈ ಮೇಲಕ್ಕೆ ಎತ್ತಿದೆ, ತೋಳಿನಿಂದ ಮುಂಗೈವರೆಗೆ ಬಳೆಗಳು, ಅಂಗೈ ಇಲ್ಲ. ನಮ್ಮ ಕಡೆ ಗಂಡನ ಚಿತೆ ಏರಿದವಳ ನೆನಪಿಗೆ ನಿಲ್ಲಿಸಿದ ಕಲ್ಲನ್ನು ಮಾಸ್ತಿಕಲ್ಲು ಅನ್ನುತ್ತಾರೆ. ಬಳೆ ತೊಟ್ಟು ಮೇಲೆತ್ತಿದ ಕೈ ಅದರ ಗುರುತು. ಬಳೆ ಕಂಡಿತು, ಎತ್ತಿದ ಕೈ ಕಂಡಿತು, ನನಗೆ ಅಷ್ಟು ಸಾಕಾಯಿತು. ಸತಿ ಹೋದ ಹೆಂಗಸಿನ ನೆನಪಿಗೆ ಅವಳ ಮನೆತನದವರು ಈ ಬಾವಿ ತೋಡಿಸಿದರು ಎಂದು ಬರೆದೆ. ಲೇಖನ ಅಚ್ಚಾಯಿತು, ಜಿಲ್ಲೆಯ ಬಗ್ಗೆ ಪುಸ್ತಕ ಬರೆದವರು ಅದನ್ನು ಎತ್ತಿಕೊಂಡರು. ಎಲ್ಲಿಗೆ ಹೋದರೂ "ಮಾಸ್ತಿ ಬಾವಿ ಬಗ್ಗೆ ಬರದಾವ್ರಲ್ರಿ ನೀವು?" ಎಂದು ಗುರುತಿಸುವವರು ಸಿಗತೊಡಗಿದರು. ನನಗದು ಹಿತವಾಗಿತ್ತು, ಇದನ್ನು ಮುಚ್ಚಿಡುವುದಿಲ್ಲ.

ಟಿಕೋಟಾದ ಹೈಸ್ಕೂಲಿನಲ್ಲಿ ಕಲಿಸುವ ಒಬ್ಬ ಹುಡುಗಿ ಬಳಗಕ್ಕೆ ಬಂದಳು. ಹುಡುಗಿ ಅನ್ನುವುದು ನನ್ನ ಚಾಳಿ. ಎರಡು ಮಕ್ಕಳ ತಾಯಿ ಅವಳು. ಕಳ್ಳಕವಟಗಿಯ ಕೂಲಿ ಮಾಡುವ ಮನೆಯವಳು, ಬೌದ್ಧರು. ನೌಕರಿ ಮಾಡುತ್ತಲೇ ಪಿಎಚ್‌ಡಿಗೆ ಓದುತ್ತಿದ್ದಳು. ಮಾತು ಕಡಿಮೆ, ಕಾಲು ಮುರಿದ ಕುರ್ಚಿಯ ಮೇಲೂ ನೆಟ್ಟಗೆ ಕೂಡುತ್ತಿದ್ದಳು. ಆರು ತಿಂಗಳು ಸುಮ್ಮನೆ ಕೇಳಿದವಳು ಒಂದು ಶನಿವಾರ ಎದ್ದು ನಿಂತು, ತನ್ನ ಊರಿನ ಮೆಟ್ಟಿಲ ಬಾವಿಯ ಕಲ್ಲಿನ ಬಗ್ಗೆ ಬರೆದಿದ್ದೇನೆ, ಅದು ಮಾಸ್ತಿಕಲ್ಲಲ್ಲ ಎಂದು ತನ್ನ ವಾದ ಎಂದಳು. ವಿಜಯಪುರದಲ್ಲಿ ನಡೆಯುವ ವಿಚಾರ ಸಂಕಿರಣದಲ್ಲಿ ಇದನ್ನು ಒಪ್ಪಿದರೆ ಮಾತ್ರ ಪಿಎಚ್‌ಡಿಯಲ್ಲಿ ಆ ಅಧ್ಯಾಯ ಇರಲಿ, ಇಲ್ಲವಾದರೆ ತೆಗೆದು ಬಿಡು ಎಂದು ಅವಳ ಮಾರ್ಗದರ್ಶಕರು ಹೇಳಿದ್ದರಂತೆ. ಆ ಅಧ್ಯಾಯವೇ ಅವಳ ಮಹಾಪ್ರಬಂಧದ ಜೀವ. ಅದು ಹೋದರೆ ಐದು ವರ್ಷದ ಕೆಲಸ ಹೋದ ಹಾಗೆ.

ಕೋಣೆಯಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ಅಷ್ಟು ಜನ ಒಟ್ಟಿಗೆ ನೋಡದೆ ಇರುವುದೂ ಒಂದು ಥರದ ನೋಟವೇ. ದೊಡ್ಡಕ್ಕ ಕನ್ನಡಕ ಒರೆಸಿಕೊಂಡು, "ಜಗಳಗಿತ್ತಿ ಪಾಳಿ ಯಾರದು?" ಎಂದರು. ಪಾಳಿ ನನ್ನದೇ ಆಗಿತ್ತು. ಅದು ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ಎಂದು ನಾನು ಇವತ್ತಿಗೂ ಕೇಳಿಲ್ಲ. ಬೇರೆಯವರಿಗೆ ಕೊಡಿ ಅನ್ನಬಹುದಿತ್ತು. ಆದರೆ ಹೆದರಿದಳು ಅನ್ನುತ್ತಾರಲ್ಲ ಎಂಬ ಬಿಂಕಕ್ಕೆ "ಆತರಿ" ಎಂದುಬಿಟ್ಟೆ.

ಪ್ರಬಂಧವನ್ನು ಮನೆಗೆ ತಂದು ಓದಿದೆ. ಮೈಯೆಲ್ಲ ಉರಿಯಿತು. ಮೊದಲ ಪುಟದಲ್ಲೇ "ಹಿಂದಿನ ಒಂದು ಬರಹ ಈ ಕಲ್ಲನ್ನು ಮಾಸ್ತಿಕಲ್ಲೆಂದು ಭಾವಿಸಿದೆ" ಎಂಬ ಸಾಲು. ಹಿಂದಿನ ಒಂದು ಬರಹವಂತೆ! ಬರೆದವಳಿಗೆ ಹೆಸರಿಲ್ಲವೇ? ಕಲ್ಲಿನ ಮೇಲಿನ ತುಂಡು ತಮ್ಮ ಕೇರಿಯಲ್ಲಿದೆ, ಅದರಲ್ಲಿ ಹೆಂಗಸಿನ ತಲೆ ಇದೆ, ತಲೆಯ ಮೇಲೆ ಬುಟ್ಟಿ ಇದೆ, ಎತ್ತಿದ ಕೈ ಹಿಡಿದದ್ದು ಆ ಬುಟ್ಟಿಯನ್ನು ಎಂದು ಬರೆದಿದ್ದಳು. ಆಧಾರಕ್ಕೆ ಅವಳ ಅಜ್ಜಿಯ ಮಾತು. ನಾನು ಕೆಂಪು ಪೆನ್ನು ಹಿಡಿದು ಕೂತೆ. ಅಜ್ಜಿಯ ಮಾತು ಆಧಾರ ಹೇಗಾಗುತ್ತದೆ, ತುಂಡು ಅದೇ ಕಲ್ಲಿನದೆಂದು ಏನು ಖಾತ್ರಿ, ಬುಟ್ಟಿಯೋ ಕಿರೀಟವೋ. ಅಂಚು ತುಂಬಿತು, ಹಿಂಬದಿಯೂ ತುಂಬಿತು. ನನ್ನ ಯಜಮಾನರು ನೋಡಿ, "ಪರೀಕ್ಷಾ ಪೇಪರೇನು? ಪಾಸ್ ಮಾಡ್ತೀಯೋ ಇಲ್ಲೋ?" ಎಂದರು.

ಒಂದು ರವಿವಾರ ಕಳ್ಳಕವಟಗಿಗೆ ಹೋದೆವು. ನಾನು ವಿಜಯಪುರಕ್ಕೆ ಬಂದು ಟಿಕೋಟಾದ ಬಸ್ಸು ಹಿಡಿದೆ, ಅಲ್ಲಿ ಅವಳು ಕಾದಿದ್ದಳು. ಕಂಕುಳಲ್ಲಿ ಸುತ್ತಿದ ಡ್ರಾಯಿಂಗ್ ಶೀಟು, ಕೈಯಲ್ಲಿ ಮಕ್ಕಳ ಕತ್ತರಿ. ದ್ರಾಕ್ಷಿ ತೋಟಗಳ ನಡುವಿನ ದಾರಿಯಲ್ಲಿ ಜೀಪಿನವನು ಹದಿನೈದು ಜನರನ್ನು ತುಂಬಿದ್ದ, ನಾವಿಬ್ಬರೂ ಒಬ್ಬರ ತೊಡೆಯ ಮೇಲೊಬ್ಬರು ಎಂಬಂತೆ ಕೂತಿದ್ದರೂ ಮಾತಾಡಲಿಲ್ಲ. ಮೊದಲು ಬಾವಿಗೆ ಹೋಗೋಣ ಎಂದೆ. "ಮೊದಲ ನಮ್ಮ ಮನಿಗಿ ಬರ್ರಿ ಅಕ್ಕಾರ. ತಲಿ ಅಲ್ಲೇ ಅದ" ಎಂದಳು.

ಹಿಂದೆ ನಾನು ಈ ಊರಿಗೆ ಬಂದಾಗ ನನ್ನನ್ನು ಕರೆದುಕೊಂಡು ಹೋದವರು ಹೊಲದ ಮಾಲೀಕರು. ಅವರ ಪಡಸಾಲೆಯಲ್ಲಿ ಕುರ್ಚಿ ಹಾಕಿ, ಕಪ್-ಬಸಿಯಲ್ಲಿ ಚಹಾ ಕೊಟ್ಟಿದ್ದರು. ಅಂಥ ಮನೆಗಳಲ್ಲಿ ನನ್ನ ಅಪ್ಪ ಹೊರಗಿನ ಕಟ್ಟೆಯ ಮೇಲೆ, ಕಂಬಳಿ ಹಾಸಿಕೊಂಡು ಕೂತದ್ದನ್ನು ನೋಡಿದವಳು ನಾನು. ಕುರಿ ಕಾಯುವವನ ಮಗಳಿಗೆ ಪಡಸಾಲೆಯ ಕುರ್ಚಿ! ಅವರು ಬಾವಿ ತೋರಿಸಿದರು, ಅವರ ಹಿರಿಯರು ತೋಡಿಸಿದ್ದು ಎಂದರು, ನಾನು ಅಳತೆ ತೆಗೆದೆ, ಫೋಟೋ ಹೊಡೆದೆ, ಮತ್ತೊಂದು ಕಪ್ ಚಹಾ ಕುಡಿದು ಜೀಪು ಹತ್ತಿದೆ. ಆ ದಿನ ಈ ಕೇರಿ ಯಾವ ದಿಕ್ಕಿಗಿದೆ ಎಂದು ಕೂಡ ನಾನು ಕೇಳಿರಲಿಲ್ಲ.

ಅಜ್ಜಿ ಬಾಗಿಲ ಮುಂದೆ ಶೇಂಗಾ ಸುಲಿಯುತ್ತ ಕೂತಿದ್ದಳು. ಬೆನ್ನು ಬಾಗಿದ್ದರೂ ದನಿ ಗಟ್ಟಿ. ನನಗೆ ಒಂದು ಚರಗಿ ನೀರು ತರಿಸಿ ಕೊಟ್ಟು, ಕುಡಿಯುವ ತನಕ ನೋಡುತ್ತಿದ್ದಳು. ಗೋಡೆಗೆ ಒರಗಿಸಿದ ಕಲ್ಲು ಅವಳ ಪಕ್ಕದಲ್ಲೇ ಇತ್ತು. ಒಂದು ಮೊಳ ಎತ್ತರ. ದುಂಡು ಮುಖ, ಸವೆದ ಮೂಗು, ಕಿವಿಯಲ್ಲಿ ಓಲೆ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ, ಬುಟ್ಟಿಯ ಅಂಚನ್ನು ಹಿಡಿದ ನಾಲ್ಕು ಬೆರಳು. ಬುಟ್ಟಿಯ ಹೆಣಿಗೆಯನ್ನು ಕೂಡ ಕಲ್ಲುಕುಟಿಗ ಗೆರೆ ಗೆರೆಯಾಗಿ ಕಡೆದಿದ್ದ. ಕಿರೀಟ ಎಂದು ವಾದಿಸಲು ನನಗೆ ಕುರುಡೇ ಬರಬೇಕಿತ್ತು.

"ಇದ ಇಲ್ಲಿಗಿ ಹ್ಯಾಂಗ ಬಂತಬೇ ಯವ್ವಾ?" ಎಂದು ಕೇಳಿದೆ.

"ನಾ ಆಗಿನ್ನೂ ಹೊಸದಾಗಿ ನಡ್ಯಾಕ ಬಂದಿದ್ನಿ" ಎಂದಳು ಅಜ್ಜಿ. ಗಂಡನ ಮನೆಗೆ ಬಂದ ಹೊಸತು ಎಂದು ಅರ್ಥ. "ಬಾವಿ ಗ್ವಾಡಿ ಕುಸದಿತ್ತು, ಹೊಲದಾವ್ರು ಕಟ್ಟಸಾಕತ್ತಿದ್ರು. ನಮ್ಮತ್ತಿ ಕಲ್ಲ ಹೊರಾಕ ಹೋಗಿದ್ಳು, ನಾನೂ ಬೆನ್ನ ಹತ್ತಿ ಹೋಗಿದ್ನಿ. ಮ್ಯಾಲಿಂದ ಒಂದ ದೊಡ್ಡ ಕಲ್ಲ ಉಳ್ಳಿ ಬಿದ್ದು ಇಕಿ ಕುತಗಿ ಮುರೀತು. ಕೆಳಗಿಂದ ಅಲ್ಲೇ ನಿಂತತು. ಮ್ಯಾಲಿಂದ ತಗೊಂಡು ಗ್ವಾಡ್ಯಾಗ ತುಂಬಾಕ ನಿಂತ್ರು. ನಮ್ಮತ್ತಿ ಬಿಡಲಿಲ್ಲ. ಬುಟ್ಟಿ ಹೊತ್ತಾಕಿನ್ನ ಗ್ವಾಡ್ಯಾಗ ಹುಗೀತೀರೇನ, ಕೊಡ್ರಿ ಇಲ್ಲೆ ಅಂದ್ಳು. ಸಂಜಿಕ ಅತ್ತಿ ಸೊಸಿ ಇಬ್ರೂ ಕೂಡಿ ಹೊತಗೊಂಡ ಬಂದ್ವಿ. ಭಾಳ ವಜ್ಜಿ ಇದ್ಳು."

"ಪೂಜಿ ಮಾಡ್ತೀರೇನ?"

"ಪೂಜಿ ಯಾಕ ಬೇ? ನಾವು ಬುದ್ಧನ ಮಂದಿ. ಇಕಿ ದೇವರಲ್ಲ, ನಮ್ಮಾಕಿ. ಬಾವಿ ಕಟ್ಟಾಕ ಮಣ್ಣ ಹೊತ್ತಾಕಿ ಅಂತ ನಮ್ಮತ್ತಿಗಿ ಅವರತ್ತಿ ಹೇಳಿದ್ಳಂತ."

"ಮತ್ತ ಇಷ್ಟ ದಿನ ಯಾರಿಗೂ ಯಾಕ ಹೇಳಲಿಲ್ಲ ಯವ್ವಾ?"

ಅಜ್ಜಿ ಶೇಂಗಾದ ಸಿಪ್ಪೆ ಒಗೆದು ನಕ್ಕಳು. "ಕೇಳಾಕ ಯಾರ ಬಂದಿದ್ರು? ಹಿಂದಕೊಮ್ಮಿ ಯಾರೋ ಸಾಲಿ ಕಲತಾಕಿ ಬಂದಿದ್ಳಂತ. ಬಾವಿ ಮುಂದ ಫೋಟೋ ಹೊಡಕೊಂಡು, ಚಾ ಕುಡದು ಹ್ವಾದ್ಳಂತ."

ನಾನು ಹುಡುಗಿಯನ್ನು ನೋಡಿದೆ. ಅವಳು ಡ್ರಾಯಿಂಗ್ ಶೀಟು ಬಿಚ್ಚುವುದರಲ್ಲಿ ಮಗ್ನಳಾಗಿದ್ದಳು. ಆ ಸಾಲಿ ಕಲತಾಕಿ ನಾನೇ ಎಂದು ಅವಳು ಅಜ್ಜಿಗೆ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವಳದು ಮರ್ಯಾದೆ, ನನ್ನದು ಹೇಡಿತನ.

ಕಲ್ಲಿನ ಮುರಿದ ಅಂಚಿಗೆ ಕಾಗದ ಹಿಡಿದು ಅವಳು ಪೆನ್ಸಿಲ್ಲಿನಿಂದ ಗೆರೆ ಎಳೆದಳು. ಏರು, ತಗ್ಗು, ಬಲಕ್ಕೆ ಒಂದು ಚೂಪು. ಮಕ್ಕಳಿಗೆ ನಕಾಶೆ ಮಾಡಲು ಕಲಿಸುವವಳಲ್ಲವೇ, ಕೈ ಪಳಗಿತ್ತು. ಗೆರೆಯ ಗುಂಟ ಕತ್ತರಿಸಿದಳು. ಕಲ್ಲಿನ ಎಡಗಡೆಗೆ ಒಂದು ಬಿಳಿ ಗೆರೆ ಮೇಲಿಂದ ಕೆಳಗೆ ಹರಿದಿತ್ತು, ಕಲ್ಲಿನೊಳಗಿನದೇ ಬಣ್ಣ. ಅದು ಅಂಚನ್ನು ಮುಟ್ಟುವ ಜಾಗವನ್ನೂ ಕಾಗದದ ಮೇಲೆ ಗುರುತು ಹಾಕಿಕೊಂಡಳು. ಬಿಸಿಲಿನಲ್ಲಿ ಬಾವಿಯ ತನಕ ನಡೆದೆವು. "ನೀವ ಹಿಡೀರಿ ಅಕ್ಕಾರ. ನಾ ಹಿಡದ್ರ ಒತ್ತಿ ಹಿಡದ್ಳು ಅಂತೀರಿ" ಎಂದು ಕಾಗದ ನನ್ನ ಕೈಗೆ ಕೊಟ್ಟು ಹತ್ತು ಹೆಜ್ಜೆ ದೂರ ಹೋಗಿ ನಿಂತಳು.

ನಾನು ಕಾಗದವನ್ನು ಆ ಮುರಿದ ಕುತ್ತಿಗೆಯ ಮೇಲೆ ಇಟ್ಟೆ. ಕೂಡಿತು. ಏರಿಗೆ ತಗ್ಗು, ತಗ್ಗಿಗೆ ಏರು. ಬಿಳಿ ಗೆರೆಯ ಗುರುತಿನ ಕೆಳಗೆ ಕಲ್ಲಿನಲ್ಲಿ ಅದೇ ಬಿಳಿ ಗೆರೆ ಇತ್ತು, ಪಾದದ ತನಕ. ಎಷ್ಟು ಸಲ ಈ ಕಲ್ಲಿನ ಫೋಟೋ ಪರದೆಯ ಮೇಲೆ ತೋರಿಸಿ ಮಾತಾಡಿದ್ದೇನೆ! ಆ ಗೆರೆಯನ್ನು ಒಂದು ಸಲವೂ ನೋಡಿರಲಿಲ್ಲ. ಎತ್ತಿದ ಕೈ ಮುರಿದ ಜಾಗದಿಂದ ಮೇಲೆ ಏನಿತ್ತು ಎಂಬ ಪ್ರಶ್ನೆಯನ್ನು ಒಂದು ಸಲವೂ ಹಾಕಿಕೊಂಡಿರಲಿಲ್ಲ. ಇತಿಹಾಸ ಕಲಿತವರೇ ಮಾಡಬಲ್ಲ ತಪ್ಪು ಇದು. ಕಲಿಯದ ಯಾರನ್ನೇ ಕೇಳಿದ್ದರೂ "ತಲಿ ಎಲ್ಲಿ ಹ್ವಾತರಿ?" ಎಂದು ಮೊದಲು ಕೇಳುತ್ತಿದ್ದರು.

ತಿರುಗಿ ಬರುವಾಗ ಜೀಪಿನಲ್ಲಿ ನನ್ನ ತಲೆ ಬೇರೆಯೇ ಲೆಕ್ಕ ಹಾಕುತ್ತಿತ್ತು. "ಪುರಾವೆ ಸಾಲದು, ಪುರಾತತ್ವ ತಿಳಿದವರು ಬಂದು ನೋಡುವ ತನಕ ತಡೆಹಿಡಿಯಬೇಕು" ಎಂದು ನಾನು ಹೇಳಿದರೆ ಬಳಗ ಕೇಳುತ್ತದೆ. ಜಗಳಗಿತ್ತಿಯ ಮಾತಿಗೆ ಅಷ್ಟು ತೂಕ ಇದೆ. ಸಂಕಿರಣದ ಗಡುವು ಮುಗಿಯುತ್ತದೆ, ಅವಳ ಅಧ್ಯಾಯ ಬಿದ್ದು ಹೋಗುತ್ತದೆ, ನನ್ನ ಮಾಸ್ತಿ ಬಾವಿ ಉಳಿಯುತ್ತದೆ. ಯಾರೂ ನನ್ನನ್ನು ಕೆಟ್ಟವಳು ಅನ್ನುವುದಿಲ್ಲ, ಎಚ್ಚರದವಳು ಅನ್ನುತ್ತಾರೆ. ಟಿಕೋಟಾದಲ್ಲಿ ಇಳಿಯುವಾಗ ಹುಡುಗಿ, "ಅಕ್ಕಾರ, ಜಗಳ ಜೋರ ಮಾಡ್ರಿ. ನೀವು ಬಿಟ್ಟದ್ದನ್ನ ಹೊರಗಿನವ್ರು ಬಿಡೂದಿಲ್ಲ" ಎಂದಳು. ಅವಳು ನನ್ನನ್ನು ನಂಬಿದ್ದಳು.

ಎರಡನೇ ಶನಿವಾರ ಕದ ಮುಂದೆ ಮಾಡಿಕೊಂಡು ಕೂತೆವು. ನಾನು ಅರ್ಧ ತಾಸು ಮಾತಾಡಿದೆ. ಅಳತೆ ಸರಿಯಿಲ್ಲ, ಅಡಿಟಿಪ್ಪಣಿ ಸಾಲದು, ಕಲ್ಲಿನ ಕಾಲ ಹೇಳಲು ಅದರ ಮೇಲೆ ಅಕ್ಷರವಿಲ್ಲ, ಅಜ್ಜಿಯ ವಯಸ್ಸಿಗೆ ನೆನಪು ಮಸುಕಾಗಿರಬಹುದು. ಒಂದೊಂದೂ ಸರಿಯಾದ ಪ್ರಶ್ನೆಯೇ. ಹುಡುಗಿ ಬಿಳಿ ಗೆರೆಯ ಗುರುತಿದ್ದ ಆ ಕಾಗದವನ್ನು ಮುಂದಿಟ್ಟುಕೊಂಡು ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು, ಕಾಲದ ಮಾತನ್ನು ಪ್ರಬಂಧದಿಂದ ತೆಗೆಯುತ್ತೇನೆ ಎಂದು ಬರೆದುಕೊಂಡಳು. ನನ್ನ ದನಿ ಏರುತ್ತಲೇ ಇತ್ತು.

ದೊಡ್ಡಕ್ಕ ಕೈ ಎತ್ತಿದರು. "ಅದೆಲ್ಲಾ ಇರ್ಲಿ. ಕಾಗದ ಕೂಡ್ತೋ ಇಲ್ಲೋ?"

"ಕೂಡ್ತರಿ" ಎಂದೆ.

"ಬಿಳಿ ಗೆರಿ?"

"ಅದೂ ಕೂಡ್ತರಿ."

"ಹಂಗಾದ್ರ ನಿನ್ನ ಸಿಟ್ಟು ಯಾರ ಮ್ಯಾಲ?"

ನಾನು ಕೆಂಪು ಗೀಟಿನ ಹಾಳೆಗಳನ್ನು ಒಟ್ಟು ಮಾಡಿ ಅವರ ಮುಂದಿಟ್ಟು ಕೂತೆ. ದೊಡ್ಡಕ್ಕ ಪ್ರಬಂಧ ಪಾಸಾಯಿತು ಎಂದರು. ಆಮೇಲೆ ಮೊದಲ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು ಹುಡುಗಿಯನ್ನು ಕೇಳಿದರು, "ಹಿಂದಿನ ಬರಹ ಅಂತ ಬರದೀದಿ. ಬರದಾಕಿ ಹೆಸರ ಹಾಕಿಲ್ಲಲ್ಲ?"

"ಅದನ್ನ ನಾ ಹಾಕೂದು ಬ್ಯಾಡ ಅನಸ್ತರಿ" ಎಂದಳು ಹುಡುಗಿ.

ದೊಡ್ಡಕ್ಕ ಮತ್ತೆ ಕೇಳಲಿಲ್ಲ, ನನಗೂ ಏನೂ ಹೇಳಲಿಲ್ಲ. ಚಹಾ ಬಂತು, ಎಲ್ಲರೂ ಕುಡಿದೆವು. ಹತ್ತು ಹೆಂಗಸರ ಎದುರು ನನ್ನ ಮಾನ ಕಳೆಯುವ ಅವಕಾಶ ಆ ಕೋಣೆಯಲ್ಲಿ ಪ್ರತಿಯೊಬ್ಬರಿಗೂ ಇತ್ತು, ಒಬ್ಬರೂ ಅದನ್ನು ಬಳಸಲಿಲ್ಲ. ನಾನು ನೋಡಿದ ಎಷ್ಟೋ ದೊಡ್ಡ ಸಂಸ್ಥೆಗಳಲ್ಲಿ ಈ ದೊಡ್ಡತನ ಕಂಡಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವರು ನನ್ನನ್ನು ನನ್ನ ಕೈಗೇ ಬಿಟ್ಟರು.

ಸಂಕಿರಣ ವಿಜಯಪುರದ ಒಂದು ಕಾಲೇಜಿನ ಸಭಾಂಗಣದಲ್ಲಿ ನಡೆಯಿತು. ಮೊದಲ ಸಾಲಿನಲ್ಲಿ ನಾನು, ಪಕ್ಕಕ್ಕೆ ದೊಡ್ಡಕ್ಕ. ಹಿಂದಿನ ಸಾಲಿನಲ್ಲಿ ಬಳಗದ ಉಳಿದವರು. ಹುಡುಗಿಯ ಮಾರ್ಗದರ್ಶಕರು ಆ ಕಡೆ ಕಂಬದ ಹತ್ತಿರ ಕೂತಿದ್ದರು. ಹುಡುಗಿ ನೀಲಿ ಸೀರೆ ಉಟ್ಟು ಬಂದಿದ್ದಳು. ಓದು ಚೆನ್ನಾಗಿಯೇ ಸಾಗಿತ್ತು. ಕೇರಿಯ ಕಲ್ಲಿನ ಚಿತ್ರ ಪರದೆಯ ಮೇಲೆ ಬಂದಾಗ, ಮುಗಿಸುವ ಮೊದಲೇ, ಒಬ್ಬ ಹಿರಿಯರು ಕೈ ಎತ್ತಿದರು. ಜಿಲ್ಲೆಯ ಬಗ್ಗೆ ಪುಸ್ತಕ ಬರೆದವರು ಅವರೇ. ಅವರ ಪುಸ್ತಕ ಓದಿ ನಾನು ಬೆಳೆದವಳು.

"ಮಗಾ, ಚಲೋ ಮಾತಾಡಾಕತ್ತಿ. ಆದ್ರ ಈ ಬಾವಿ ಬಗ್ಗೆ ಆಗಲೇ ಅಧಿಕೃತ ಲೇಖನ ಅದ. ಅದನ್ನ ಬರದಾವ್ರು ಇಲ್ಲೇ ನಿನ್ನ ಮುಂದ ಕೂತಾರ. ಅದನ್ನ ಓದೀದೇನು?"

"ಓದೀನ್ರಿ ಸರ್."

"ಮತ್ತ? ಒಬ್ಬ ಸಂಶೋಧಕಿ ಬರದದ್ದಕ್ಕೂ ನಿಮ್ಮ ಅಜ್ಜಿ ಹೇಳಿದ್ದಕ್ಕೂ ವ್ಯತ್ಯಾಸ ಇರ್ತದಲ್ಲವಾ."

ಸಭೆ ನನ್ನ ಕಡೆ ತಿರುಗಿತು. ಗೌರವದ ನೋಟವೇ. ಇಷ್ಟು ಜನ ಒಮ್ಮೆಗೇ ಹಾಗೆ ನನ್ನನ್ನು ನೋಡಿದ್ದು ಜೀವಮಾನದಲ್ಲಿ ಇಲ್ಲ. ಹುಡುಗಿ ನನ್ನನ್ನು ಒಂದು ಸಲ ನೋಡಿದಳು, ಆಮೇಲೆ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. "ಅವರೇ ಬಂದು ಕಾಗದ ಹಿಡಿದು ನೋಡಿದ್ದಾರೆ" ಎಂದು ಒಂದು ಮಾತು ಹೇಳಿದ್ದರೆ ಅವಳು ಗೆಲ್ಲುತ್ತಿದ್ದಳು. ಹೇಳಲಿಲ್ಲ. ಗೋಷ್ಠಿಯ ಅಧ್ಯಕ್ಷರು, "ಹಂಗಾದ್ರ ಇದನ್ನ ಇನ್ನಷ್ಟು ಪರಿಶೀಲನೆ ಆದ ಮ್ಯಾಲ ನೋಡೋಣು" ಎಂದು ಪೆನ್ನು ತೆಗೆದರು. ಕಂಬದ ಹತ್ತಿರ ಮಾರ್ಗದರ್ಶಕರು ಸರಿ ಎಂಬಂತೆ ತಲೆ ಆಡಿಸಿದರು. ದೊಡ್ಡಕ್ಕ ನನ್ನ ಕಡೆ ತಿರುಗಲೇ ಇಲ್ಲ.

ನಾನು ಎದ್ದೆ.

"ಆ ಲೇಖನ ನಂದರಿ ಸರ್. ತಪ್ಪದ. ಈಕಿ ಜೋಡಿ ಹೋಗಿ ನನ್ನ ಕೈಲೇ ಅಳದು ನೋಡೀನಿ. ಎರಡೂ ತುಂಡು ಒಂದ ಕಲ್ಲಿನವು."

ಹಿರಿಯರಿಗೆ ನನ್ನ ಮೇಲೆ ಕನಿಕರವೇ ಬಂತು ಅನಿಸುತ್ತದೆ. "ಇಷ್ಟ ಅವಸರ ಯಾಕ್ರಿ? ನಿಮ್ಮ ಹೆಸರಿನ ಪ್ರಶ್ನಿ ಇದು. ಸಾವಕಾಶ ಇನ್ನೊಮ್ಮೆ ವಿಚಾರ ಮಾಡ್ರಿ."

"ಇಷ್ಟ ವರ್ಷ ವಿಚಾರ ಮಾಡಲಿಲ್ಲರಿ, ಅದ ತಪ್ಪಾತು" ಎಂದೆ. "ಈಕಿ ಅಜ್ಜಿ ಅವತ್ತೂ ಅದ ಊರಾಗ ಇದ್ರು. ನಾ ಕೇರಿಗಿ ಹೋಗಲಿಲ್ಲ. ಯಾರೂ ತಡದಿರಲಿಲ್ಲ, ನಾನ ಹೋಗಲಿಲ್ಲ. ಆ ಹೆಣ್ಮಗಳು ಚಿತಾ ಏರಿದಾಕಿ ಅಲ್ರಿ ಸರ್. ಬುಟ್ಟಿ ಹೊತ್ತು ಬಾವಿ ಕಟ್ಟಿದಾಕಿ. ಆಕಿನ್ನ ಬ್ಯಾರೆ ಯಾರೂ ಸುಟ್ಟಿಲ್ಲ. ಕಾಗದದ ಮ್ಯಾಲ ಸುಟ್ಟಾಕಿ ನಾನು."

ಅಧ್ಯಕ್ಷರು ಬರೆಯದೆಯೇ ಪೆನ್ನನ್ನು ಮೇಜಿನ ಮೇಲಿಟ್ಟು, ಮುಂದುವರಿಸಿ ಎಂದು ಹುಡುಗಿಗೆ ಕೈ ಸನ್ನೆ ಮಾಡಿದರು. ಅವಳು ನಿಲ್ಲಿಸಿದ ಸಾಲಿನಿಂದಲೇ ಮತ್ತೆ ಓದತೊಡಗಿದಳು. ಮೊದಲು ದನಿ ಒಡೆಯಿತು, ಆಮೇಲೆ ಗಟ್ಟಿಯಾಯಿತು. ನಾನು ಕೂಡಲಿಲ್ಲ. ಅವಳು ಕೊನೆಯ ಹಾಳೆ ತಿರುವುವ ತನಕ ಮೊದಲ ಸಾಲಿನಲ್ಲಿ ನಿಂತೇ ಇದ್ದೆ.